ಪದಚರ್ಚೆ: ‘ವಿಪ್’ ಆಳೋ, ಆಜ್ಞೆಯೋ? (ಸಂಜೆಯೊಳಗೆ ಬೇಕು)

ಇಂಗ್ಲಿಷ್ ಪತ್ರಿಕೆಯ ರಾಜಕೀಯ ವರದಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ವಿಪ್’ (ಸದನದಲ್ಲಿ ಹೇಗೆ ಮತ ಹಾಕಬೇಕೆಂದು ಪಕ್ಷ ತನ್ನ ಸದಸ್ಯರಿಗೆ ಕೊಡುವ ಆಜ್ಞೆ, ಅದನ್ನು ಕೊಡುವ ಆಳೂ ಹೌದು) ನಾಲ್ಕು ಕಡೆ ಬಂದಿದೆ: ‘ಚೀಫ್ ವಿಪ್’, ‘ತ್ರೀ-ಲೈನ್ ವಿಪ್’, ‘ಡಿಫೈಡ್ ದ ವಿಪ್’, ಶೀರ್ಷಿಕೆಯಲ್ಲಿ ‘ಕ್ರ್ಯಾಕ್ಸ್ ದ ವಿಪ್’. ಮೊದಲನೆಯದು ಮುಖ್ಯ ಸಚೇತಕ, ಸರಿ. ಆಜ್ಞೆಗೂ ಅದನ್ನೇ ಬಳಸಿದರೆ ‘ಸಚೇತಕರನ್ನು ಉಲ್ಲಂಘಿಸಿದ ಶಾಸಕ’ ಎಂದಾಗುತ್ತದೆ. ಏನು ಮಾಡಲಿ?

*

ಸಚೇತಕಾಜ್ಞೆ. ಸವರ್ಣದೀರ್ಘ, ಮುಗಿಯಿತು.

ಶೀರ್ಷಿಕೆಯದು ಮಾತ್ರ ಬೇರೆ. ‘ಕ್ರ್ಯಾಕ್ಸ್ ದ ವಿಪ್’ ಬರೀ ನುಡಿಗಟ್ಟು, ಬಂಡೆದ್ದವರ ಮೇಲೆ ಬಿಗಿಕ್ರಮ ಎಂದರ್ಥ. ಅಲ್ಲಿ ‘ವಿಪ್ ಜಾರಿ’ ಎಂದು ಹಾಕಿದಿರೋ, ಅಧಿವೇಶನವೇ ಇಲ್ಲದ ದಿನ ಮತದಾನ ಎಲ್ಲಿ ಎಂದು ಓದುಗ ಹುಡುಕುತ್ತಾನೆ. ‘ಚಾಟಿ ಬೀಸಿದ ಹೈಕಮಾಂಡ್’ ಸಾಕು.

*

> ಸಚೇತಕಾಜ್ಞೆ

ಇದನ್ನು ಯಾರ ಬಾಯಲ್ಲಿ ಕೇಳಿದ್ದೀರಿ? ‘ಸಚೇತಕ’ವೇ ಹಿಂದಿಯವರ ಸರಕು. ಮೂಲಕ್ಕೆ ಹೋಗಿ. ಇಂಗ್ಲೆಂಡಿನ ನರಿಬೇಟೆಯಲ್ಲಿ ಗುಂಪು ಬಿಟ್ಟ ನಾಯಿಗಳನ್ನು ಚಾವಟಿ ಹಿಡಿದು ಹಿಂಡಿಗೆ ತಿರುಗಿಸುವವನು ‘ವಿಪ್ಪರ್-ಇನ್’. 18ನೇ ಶತಮಾನದಲ್ಲಿ ಆ ಹೆಸರು ಪಾರ್ಲಿಮೆಂಟಿಗೆ ಹೊಕ್ಕಿತು. ಅವನ ಕೆಲಸ ಕೂಡಿಸುವುದು, ಎಚ್ಚರಿಸುವುದಲ್ಲ. ಆಳಿಗೆ ‘ಹಿಂಡುಗಾರ’, ಆಜ್ಞೆಗೆ ಅಚ್ಚಗನ್ನಡದ ‘ಆಣತಿ’.

*

‘ಆಣತಿ’ ಅಚ್ಚಗನ್ನಡವಲ್ಲ, ‘ಆಜ್ಞಪ್ತಿ’ಯ ತದ್ಭವ. ‘ಹಿಂಡುಗಾರ’ ಎಂದರೆ ಬಟ್ಟೆ ಹಿಂಡುವವನೋ ಎಂದು ಕೇಳುತ್ತಾರೆ. ಕೇಳಿದವರಿಗೆ ಅವಸರವಿದೆ, ನರಿಬೇಟೆ ಸಾಕು.

‘ತ್ರೀ-ಲೈನ್’ ಬಗ್ಗೆ ಎಚ್ಚರ. ‘ಮೂರು ಸಾಲಿನ ವಿಪ್’ ಎಂದರೆ ಮೂರು ಸಾಲಿನ ಪತ್ರ ಎಂದಾಗುತ್ತದೆ. ಅದು ವಿಷಯದ ಕೆಳಗೆ ಎಳೆಯುವ ಅಡಿಗೆರೆಗಳ ಲೆಕ್ಕ. ಒಂದು ಗೆರೆ: ಮತದಾನವಿದೆ ಎಂಬ ತಿಳಿವಳಿಕೆ ಅಷ್ಟೇ. ಎರಡು: ಹಾಜರಿರಲೇಬೇಕು. ಮೂರು: ಹಾಜರಿದ್ದು, ಪಕ್ಷ ಹೇಳಿದಂತೆಯೇ ಮತ ಹಾಕಬೇಕು.

ಇನ್ನೊಂದು. ಸಂವಿಧಾನದ 1985ರ 52ನೇ ತಿದ್ದುಪಡಿಯಿಂದ ಬಂದ ಹತ್ತನೇ ಅನುಸೂಚಿಯಲ್ಲಿ (ಪಕ್ಷಾಂತರ ತಡೆ ಕಾನೂನು) ‘ವಿಪ್’ ಎಂಬ ಪದವೇ ಇಲ್ಲ. ಇರುವುದು ಪಕ್ಷದ ‘ಡೈರೆಕ್ಷನ್’. ಕಾನೂನಿನ ಭಾಗ ಅನುವಾದಿಸುವಾಗ ‘ನಿರ್ದೇಶನ’ ಎನ್ನಿ. ಮತ ಹಾಕದೆ ದೂರ ಉಳಿದರೂ ಅದು ಉಲ್ಲಂಘನೆಯೇ, ಹಾಗಾಗಿ ‘ಡಿಫೈಡ್’ ಕಂಡಲ್ಲೆಲ್ಲ ‘ಅಡ್ಡ ಮತದಾನ’ ಎನ್ನಬೇಡಿ. ಪಕ್ಷಕ್ಕೆ ಮನ್ನಿಸಲು 15 ದಿನವಿದೆ, ಆಮೇಲೂ ತೀರ್ಮಾನ ಸ್ಪೀಕರ್ ಅವರದು. ‘ಫೇಸಸ್ ಡಿಸ್‌ಕ್ವಾಲಿಫಿಕೇಶನ್’ ಎಂದಿದ್ದರೆ ಆಸಾಮಿ ಇನ್ನೂ ಶಾಸಕನೇ. ‘ಅನರ್ಹ ಶಾಸಕ’ ಎಂದು ಈಗಲೇ ಬರೆದರೆ ಮರುದಿನ ತಿದ್ದುಪಡಿ ಹಾಕಬೇಕಾಗುತ್ತದೆ.

ಸುದ್ದಿಭಾಗದಲ್ಲಿ ‘ವಿಪ್’ ಇರಲಿ. ‘ವಿಪ್ ಜಾರಿ’, ‘ವಿಪ್ ಉಲ್ಲಂಘನೆ’ ಓದುಗರಿಗೆ ಎಂದೋ ಒಗ್ಗಿವೆ.

*

‘ಜಾರಿ’ಯಂತೆ! ವಿಪ್ ಎಲ್ಲಿ ಜಾರಿತು, ಕಾಲಿಗೆ ಪೆಟ್ಟಾಯಿತೇ? ಒಂದು ಇಂಗ್ಲಿಷು, ಒಂದು ಅರಬ್ಬಿ, ನಡುವೆ ಕನ್ನಡಕ್ಕೆ ಜಾಗವೆಲ್ಲಿ? ‘ಕಟ್ಟಪ್ಪಣೆ’ ಎಂಬ ಪದ ಸತ್ತಿಲ್ಲ. ‘ಕಟ್ಟಪ್ಪಣೆ ಮೀರಿದ ಶಾಸಕ’, ಕಿವಿಗೆ ಎಷ್ಟು ಹಿತ ನೋಡಿ.

*

ಹಿತವೇ. ಆದರೆ ಅಪ್ಪ ಮಗನಿಗೆ ಹಾಕುವುದೂ ಕಟ್ಟಪ್ಪಣೆಯೇ. ಮೀರಿದರೆ ಸ್ಥಾನ ಹೋಗುತ್ತದೆ ಎಂಬುದು ಅದರಲ್ಲಿ ಬರುವುದಿಲ್ಲ. ‘ವಿಪ್’ ಎರಡೇ ಅಕ್ಷರ, ಒಂದು ಕಾಲಂ ಶೀರ್ಷಿಕೆಯಲ್ಲೂ ಕೂರುತ್ತದೆ. ಎರವಲು ಪದ ಬೇಡ ಎನ್ನುವವರು ‘ಶಾಸಕ’, ‘ಪಕ್ಷ’, ‘ಮತ’ ಮೂರನ್ನೂ ಬಿಟ್ಟು ಒಂದು ವರದಿ ಬರೆದು ಇಲ್ಲಿ ಹಾಕಲಿ.

*

ಎಲ್ಲರಿಗೂ ಧನ್ಯವಾದ. ಶೀರ್ಷಿಕೆಗೆ ಚಾಟಿ, ಒಳಗೆ ವಿಪ್, ಕಾನೂನಿನ ಪ್ಯಾರಾದಲ್ಲಿ ನಿರ್ದೇಶನ. ‘ತ್ರೀ-ಲೈನ್’ ಅನ್ನು ‘ಹಾಜರಿ ಮತ್ತು ಮತ ಎರಡೂ ಕಡ್ಡಾಯವಾದ ವಿಪ್’ ಎಂದು ಬಿಡಿಸಿದೆ.

*

‘ಹಾಜರಿ’ಯೂ ಅರಬ್ಬಿಯೇ.