ಓದುಗರ ಸ್ಪಂದನ: ತೊಟ್ಟಿಕ್ಕುವ ಎಸಿ, 11,210 ರೂಪಾಯಿ ಬಿಲ್ಲು, ಮಾವನಿಗೆ ಮಾತ್ರ ಅಲ್ಲೇ ಹೋಗಬೇಕು

ಕಳೆದ ವಾರದ ಸಮಸ್ಯೆ:

ನಾವು ಹುಬ್ಬಳ್ಳಿಯವರು. ನಾನೂ ಗಂಡನೂ ಇಬ್ಬರೂ ದುಡಿಯುತ್ತೇವೆ. ಮಾವ ಕಾರವಾರದಲ್ಲಿ ನೌಕರಿಯಲ್ಲಿದ್ದಾಗ ಹೋಗಿ ಬಂದಿದ್ದ ರೆಸಾರ್ಟೊಂದಕ್ಕೆ ಈಗಲೂ ಪ್ರತಿ ಡಿಸೆಂಬರ್ ಕೊನೆಯ ವಾರ ಮನೆಯವರೆಲ್ಲ ಹೋಗಲೇಬೇಕು. ಸಮುದ್ರ ಎದುರಿಗೇ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ರೂಮಿಗೆ ರಾತ್ರಿಗೆ 9,500, ತೆರಿಗೆ ಸೇರಿ 11,210. ನಮಗೆ ಎರಡು ರೂಮು ಬೇಕು. ಎಸಿ ತೊಟ್ಟಿಕ್ಕುತ್ತದೆ, ಗೋಡೆಗೆ ಬೂಷ್ಟು ಹಿಡಿದಿದೆ, ಹಾಸಿಗೆಯೆಲ್ಲ ಕಮಟು ವಾಸನೆ. ಬಾಲ್ಕನಿಯ ಕಂಬಿ ತುಕ್ಕು ತಿಂದು ಅಲ್ಲಾಡುತ್ತದೆ, ಆರು ವರ್ಷದ ಮಗಳು ಅದಕ್ಕೇ ಜೋತು ಬೀಳುತ್ತಾಳೆ. ಕೇಳಿದರೆ ‘ಸಮುದ್ರದ ಹತ್ತಿರ ಹೀಗೇ ಮೇಡಂ’ ಎನ್ನುತ್ತಾರೆ. ಗಂಡ ‘ಅಪ್ಪನಿಗೆ ಬೇಜಾರಾಗುತ್ತೆ, ಸುಮ್ನಿರು’ ಎನ್ನುತ್ತಾರೆ. ಈ ವರ್ಷವೂ ಹೋಗಬೇಕಾ?

ನಿಮ್ಮ ಉತ್ತರಗಳು:

ತಂಗೀ, ನಾನು ನಿಮ್ಮ ಮಾವನ ವಯಸ್ಸಿನವನು. ಒಂದು ಮಾತು ಕೇಳುತ್ತೇನೆ. ಆ ಬಿಲ್ ಎಷ್ಟು ಅಂತ ಅವರಿಗೆ ಗೊತ್ತಿದೆಯಾ? ನಮ್ಮ ಮನೆಯಲ್ಲೂ ಮಕ್ಕಳು ‘ಅದೆಲ್ಲ ನಿಮಗ್ಯಾಕೆ’ ಅಂತ ಫೋನಿನಲ್ಲೇ ದುಡ್ಡು ಕಟ್ಟಿಬಿಡುತ್ತಾರೆ. ನನ್ನ ತಲೆಯಲ್ಲಿ ಇನ್ನೂ ಹಳೇ ಕಾಲದ ರೇಟೇ ಕೂತಿದೆ. ಒಂದು ರಾತ್ರಿಗೆ ಎರಡು ರೂಮಿಗೆ ಇಪ್ಪತ್ತೆರಡು ಸಾವಿರ ಅಂತ ಗೊತ್ತಾದರೆ ನಿಮ್ಮ ಮಾವನೇ ಬ್ಯಾಗು ಕೆಳಗಿಟ್ಟಾರು. ಇನ್ನೊಂದು, ಅವರಿಗೆ ಅಲ್ಲಿ ಯಾವುದು ಇಷ್ಟ ಅಂತ ಕೇಳಿ ನೋಡಿ. ನಮ್ಮಂಥವರಿಗೆ ರೂಮು ಹೇಗಿದ್ದರೂ ನಡೆಯುತ್ತದೆ. ಮೆಟ್ಟಿಲು ಇರಬಾರದು, ಕಮೋಡ್ ಇರಬೇಕು, ಯಾರ ಕೈಯೂ ಹಿಡಿಯದೆ ನೀರಿನ ತನಕ ನಡೆದು ಹೋಗುವಂತಿರಬೇಕು. ಅಗ್ಗವಾಗಿದೆ ಅಂತ ನೀವು ಗುಡ್ಡದ ಮೇಲಿನ ಹೋಂಸ್ಟೇಗೆ ಕರೆದುಕೊಂಡು ಹೋದರೆ ಅವರು ಜಗುಲಿ ಬಿಟ್ಟು ಇಳಿಯುವುದೇ ಇಲ್ಲ.
– ಧಾರವಾಡದ ನಿವೃತ್ತ ಮೇಷ್ಟರು

ಒಂದು ವರ್ಷ ರೆಸಾರ್ಟಿನ ಬಿಲ್ಲನ್ನೆಲ್ಲ ನಿಮ್ಮ ಗಂಡನೇ ಕಟ್ಟಲಿ. ಮುಂದಿನ ವರ್ಷ ಹೊಸ ಜಾಗ ಅವರೇ ಹುಡುಕುತ್ತಾರೆ.
– ಓದುಗಿ, ಗದಗ

‘ಸಮುದ್ರದ ಹತ್ತಿರ ಹೀಗೇ’ ಎನ್ನುವುದು ಅರ್ಧ ನಿಜ. ನಾನು ಕಟ್ಟಡದ ಕೆಲಸದವನು, ಕರಾವಳಿಯಲ್ಲೇ ಜಾಸ್ತಿ ಕೆಲಸ ಮಾಡಿದ್ದೇನೆ. ಉಪ್ಪು ಗಾಳಿ ಎಸಿಯ ಹೊರಗಿನ ಯೂನಿಟ್ಟನ್ನು ಬೇಗ ತಿನ್ನುತ್ತದೆ. ಕಾಂಕ್ರೀಟಿನ ಒಳಗೆ ಸೇರಿ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ತುಕ್ಕು ಹಿಡಿದ ಸರಳು ಉಬ್ಬುತ್ತದೆ, ಆಗ ಸಿಮೆಂಟ್ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಆದರೆ ಇದಕ್ಕೆಲ್ಲ ಮದ್ದಿದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಕೆರೆದು ಬಣ್ಣ ಹೊಡೆಯಬೇಕು, ಕಂಬಿ ಬದಲಿಸಬೇಕು. ಮಾಡುವುದಿಲ್ಲ, ಯಾಕೆಂದರೆ ಮಾಡದೆಯೂ ರೂಮು ತುಂಬುತ್ತದೆ.

ಯಾಕೆ ತುಂಬುತ್ತದೆ ಅಂದರೆ, ಪಕ್ಕದಲ್ಲಿ ಇನ್ನೊಂದು ರೆಸಾರ್ಟ್ ಬರುವುದು ಸುಲಭವಿಲ್ಲ. 1991ರ ಫೆಬ್ರುವರಿಯಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂತು. ಹಳ್ಳಿ ಕಡೆಯ ದಂಡೆಯಲ್ಲಿ ಭರತದ ಗೆರೆಯಿಂದ, ಅಂದರೆ ಉಬ್ಬರದ ನೀರು ಮುಟ್ಟುವ ಗೆರೆಯಿಂದ, 200 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ ಅಂತಾಯಿತು. 2019ರ ಅಧಿಸೂಚನೆ ಜನ ಒತ್ತೊತ್ತಾಗಿರುವ ಹಳ್ಳಿಗಳಲ್ಲಿ ಇದನ್ನು 50 ಮೀಟರಿಗೆ ಇಳಿಸಿದೆ, ಉಳಿದ ಕಡೆ 200 ಹಾಗೇ ಇದೆ. ಮೊದಲೇ ಎದ್ದು ನಿಂತಿದ್ದ ಕಟ್ಟಡಗಳನ್ನು ಅಷ್ಟೇ ಅಳತೆಯಲ್ಲಿ ರಿಪೇರಿ ಮಾಡಿಕೊಳ್ಳಬಹುದು. ಹೀಗಾಗಿ ನೀರಿನ ಪಕ್ಕದಲ್ಲೇ ಇರುವ ಹಳೇ ಜಾಗಕ್ಕೆ ಪೈಪೋಟಿಯೇ ಇಲ್ಲ. ನೀವು ಕಟ್ಟುವ 9,500 ರೂಮಿಗಲ್ಲ, ಮರಳಿಗೆ. ರಸ್ತೆಯ ಆಚೆ ಬದಿಯ ಹೊಸ ಹೋಟೆಲ್ ನೋಡಿ, ಅರ್ಧ ರೇಟಿಗೆ ಒಳ್ಳೇ ಬಾತ್‌ರೂಮ್ ಸಿಗುತ್ತದೆ, ಸಮುದ್ರಕ್ಕೆ ಐದು ನಿಮಿಷ ನಡೆಯಬೇಕು ಅಷ್ಟೇ.

ಮಗಳನ್ನು ಮಾತ್ರ ಆ ಬಾಲ್ಕನಿಗೆ ಬಿಡಬೇಡಿ. ಬುಡದಲ್ಲಿ ತುಕ್ಕು ಹಿಡಿದ ಕಂಬಿ ಮೇಲಿಂದ ನೋಡಿದರೆ ಗಟ್ಟಿಯಾಗೇ ಕಾಣುತ್ತದೆ. ನೆಲ ಮಹಡಿಯಲ್ಲೇ ರೂಮು ಕೇಳಿ.
– ಸಿವಿಲ್ ಇಂಜಿನಿಯರ್, ಮಂಗಳೂರು

ರೆಸಾರ್ಟಿನ ರಿಸೆಪ್ಶನ್ನಿನಲ್ಲಿ ಕೆಲಸ ಮಾಡಿದವಳು ನಾನು. ಆ್ಯಪಿನಲ್ಲಿ ಬುಕ್ ಮಾಡಬೇಡಿ, ಅಲ್ಲಿ ಕಮಿಷನ್ ಹೋಗುತ್ತದೆ. ನೇರ ಫೋನ್ ಮಾಡಿ ಮ್ಯಾನೇಜರ್ ಹತ್ತಿರ ಮಾತಾಡಿ. ‘ನಮ್ಮ ಮಾವ ನಿಮ್ಮ ಹಳೇ ಗಿರಾಕಿ’ ಅಂತ ಮೊದಲೇ ಹೇಳಿ, ಈ ಮಾತಿಗೆ ಬೆಲೆ ಇದೆ. ಆಮೇಲೆ ಈ ವರ್ಷ ಯಾವ ಬ್ಲಾಕಿಗೆ ಬಣ್ಣ ಹೊಡೆದಿದ್ದೀರಿ ಅಂತ ಕೇಳಿ. ಎಷ್ಟೇ ಹಳೇ ರೆಸಾರ್ಟ್ ಆದರೂ ನಾಲ್ಕಾರು ರೂಮು ಚೆನ್ನಾಗಿ ಇಟ್ಟಿರುತ್ತಾರೆ, ಅವು ಕೇಳಿದವರಿಗೆ ಹೋಗುತ್ತವೆ. ಕಮಟು ವಾಸನೆ ಬರುವುದು ಮಳೆಗಾಲವಿಡೀ ಬಾಗಿಲು ಮುಚ್ಚಿಟ್ಟ ರೂಮುಗಳಲ್ಲಿ. ಹೋದ ತಕ್ಷಣ ರಿಜಿಸ್ಟರಿಗೆ ಸಹಿ ಹಾಕಬೇಡಿ. ರೂಮು ನೋಡಿ, ಎಸಿ ಹಾಕಿಸಿ, ನಲ್ಲಿ ತಿರುಗಿಸಿ, ಆಮೇಲೆ ಲಗೇಜ್ ಇಳಿಸಿ. ಸಹಿ ಆದ ಮೇಲೆ ನಮಗೂ ಅವಸರ ಇರುವುದಿಲ್ಲ.

ತೆರಿಗೆಯಲ್ಲೂ ಒಂದು ಲೆಕ್ಕ ಇದೆ, ತುಂಬ ಜನ ಗಮನಿಸುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿ ತನಕದ ರೂಮಿಗೆ ಜಿಎಸ್‌ಟಿ ಶೇ 5 ಮಾತ್ರ. ಅದರ ಮೇಲೆ ಒಂದು ರೂಪಾಯಿ ಹೋದರೂ ಪೂರ್ತಿ ಬಾಡಿಗೆಗೆ ಶೇ 18. 8,000ದ ರೂಮು ನಿಮ್ಮ ಕೈಗೆ ಬರುವಾಗ 9,440. ಅದನ್ನೇ 7,500ಕ್ಕೆ ಇಳಿಸಿದರೆ 7,875. ಮಾಲೀಕ ಬಿಡುವುದು ಐನೂರು, ನಿಮಗೆ ಉಳಿಯುವುದು ಸಾವಿರದ ಐನೂರಕ್ಕೂ ಜಾಸ್ತಿ. ಎರಡು ರೂಮು, ಹಳೇ ಗಿರಾಕಿ ಅಂತ ಹೇಳಿ 7,500ಕ್ಕೆ ಪಟ್ಟು ಹಿಡಿಯಿರಿ. ಡಿಸೆಂಬರ್ ಕೊನೆಯ ವಾರ ಮಾತ್ರ ಯಾರೂ ಬಿಡುವುದಿಲ್ಲ, ಸುಮ್ನೆ ಬಾಯಿ ನೋಯಿಸಿಕೊಳ್ಳಬೇಡಿ.
– ಉಡುಪಿ ಜಿಲ್ಲೆಯ ಓದುಗಿ

ಬಾಡಿಗೆ ಜಾಸ್ತಿ ಅಂತ ದೂರು ಕೊಡಲು ಬರುವುದಿಲ್ಲ, ಅದು ಅವರಿಷ್ಟ. ಆದರೆ ಜಾಹೀರಾತಿನಲ್ಲಿ ತೋರಿಸಿದ್ದು ಕೊಡದಿದ್ದರೆ ಅದು ಸೇವಾ ನ್ಯೂನತೆ, ಅಂದರೆ ಸೇವೆಯಲ್ಲಿನ ಕೊರತೆ, ಅದಕ್ಕೆ ದೂರು ಕೊಡಬಹುದು. ಎಸಿ ರೂಮಿನ ಹಣ ಪಡೆದು ಕೆಟ್ಟ ಎಸಿ ಕೊಟ್ಟರೂ ಅಷ್ಟೇ. ಅಲ್ಲಿರುವಾಗಲೇ ಫೋಟೋ, ವಿಡಿಯೋ ತೆಗೆದುಕೊಳ್ಳಿ, ಅದೇ ದಿನ ಬರಹದಲ್ಲಿ ದೂರು ಕೊಡಿ, ವಾಟ್ಸ್ಆ್ಯಪ್ ಆದರೂ ಸಾಕು. ಬಾಯಿಮಾತಿನಲ್ಲಿ ಹೇಳಿದ್ದು ಎಲ್ಲೂ ನಿಲ್ಲುವುದಿಲ್ಲ. ಮೊದಲು 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆಗಲಿಲ್ಲ ಅಂದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ನೀವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಇದಕ್ಕಾಗಿ ಘಟ್ಟ ಇಳಿಯಬೇಕಿಲ್ಲ. ಕಟ್ಟಿದ ಹಣ ಐದು ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು, ಅಂದರೆ ಕಳೆದ ಡಿಸೆಂಬರಿನದಕ್ಕೂ ಸಮಯ ಇದೆ. ಊಟದ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಅಂತ ಇದ್ದರೆ ತೆಗೆಸಿ. ಅದನ್ನು ತಾವಾಗಿಯೇ ಸೇರಿಸಬಾರದು ಅಂತ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿ ಹಿಡಿದಿದೆ.
– ವಕೀಲರು, ಬೆಳಗಾವಿ

ನಾವು ಇಲ್ಲೇ ಹೊನ್ನಾವರದವರು. ಡಿಸೆಂಬರ್ ಕೊನೆಯ ವಾರ ಬರುವವರನ್ನು ಕಂಡರೆ ನಮಗೆ ಅಯ್ಯೋ ಅನಿಸುತ್ತದೆ. ದಾರಿ ತುಂಬ ಗಾಡಿ, ದಂಡೆ ತುಂಬ ಜನ, ರೇಟು ಆಕಾಶದಲ್ಲಿ. ಸಂಕ್ರಾಂತಿ ಕಳೆದು ಒಂದು ಶನಿವಾರ, ಭಾನುವಾರ ಬನ್ನಿ. ಬೆಳಿಗ್ಗೆ ತಂಪು ಇರುತ್ತದೆ, ಸಮುದ್ರವೂ ಶಾಂತ, ಬಾಡಿಗೆ ಕೇಳಿದರೆ ಇಳಿಯುತ್ತದೆ. ನೀವು ಆ ರೆಸಾರ್ಟಲ್ಲೇ ಯಾಕೆ ಮಲಗಬೇಕು ಅಂತ ನನಗೆ ಅರ್ಥವಾಗಲಿಲ್ಲ. ಪೇಟೆಯ ಒಳ್ಳೇ ಲಾಡ್ಜಲ್ಲಿ ಮಲಗಿ, ಹಗಲೆಲ್ಲ ಸಮುದ್ರದಲ್ಲಿರಿ. ಶರಾವತಿ ಸೇತುವೆ ದಾಟಿದರೆ ಕಾಸರಕೋಡಿನ ಇಕೋ ಬೀಚ್, 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದ್ದು. ಶೌಚಾಲಯ, ಸ್ನಾನದ ಕೋಣೆ ಇವೆ, ಗಾಳಿ ಮರದ ನೆರಳಿದೆ, ಮಾವನವರು ಕೂತು ಸಮುದ್ರ ನೋಡಬಹುದು. ಸಂಜೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಲಗೆ ದಾರಿಯಲ್ಲಿ ಮಗಳನ್ನು ಓಡಾಡಿಸಿ. ಶರಾವತಿಯಲ್ಲಿ ದೋಣಿಯೂ ಇದೆ, ಹತ್ತುವ ಮೊದಲು ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ.

ಮಾವನವರಿಗೆ ಆ ಹಳೇ ಜಾಗ ನೋಡಲೇಬೇಕು ಅಂದರೆ ಒಂದು ಸಂಜೆ ಅಲ್ಲಿಗೇ ಚಹಾಕ್ಕೆ ಕರೆದುಕೊಂಡು ಹೋಗಿ. ಚಹಾ ಎಷ್ಟೇ ದುಬಾರಿ ಇದ್ದರೂ ಹನ್ನೊಂದು ಸಾವಿರ ಅಂತೂ ಆಗುವುದಿಲ್ಲ. ಊಟ ಮಾತ್ರ ಅಲ್ಲಿ ಬೇಡ. ಮೀನು ತಿನ್ನುವವರಾದರೆ ಪೇಟೆಯ ಯಾವುದಾದರೂ ಖಾನಾವಳಿಗೆ ಹನ್ನೆರಡೂವರೆಗೇ ಹೋಗಿ ಕೂರಿ, ಒಂದೂವರೆ ಆದರೆ ಬಂಗುಡೆ ಫ್ರೈ ಮುಗಿದಿರುತ್ತದೆ.
– ಹೊನ್ನಾವರದ ಓದುಗ