450 ಹೆಲಿಯ ಬಾಲ ಮೂರನೇ ಸಲ ಹೋಯ್ತು, ಸರ್ವೋ ಜೈರೋ ಎರಡೂ ಬದಲಾಯಿಸಿ ಆಯ್ತು, ಇನ್ನು ಎಂತ ಮಾಡುದು?

ಪದವಿನ ಹಕ್ಕಿ (ಬದಿಯಡ್ಕ, ಕಾಸರಗೋಡು):

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಒಂದು 450 ಸೈಜಿನ ರಿಮೋಟ್ ಹೆಲಿ (ಹೆಲಿಕಾಪ್ಟರ್) ಉಂಟು, ಸೆಕೆಂಡ್ ಹ್ಯಾಂಡ್, ಬೆಲ್ಟ್ ಟೈಲ್ ಅಂದ್ರೆ ಬಾಲದ ಬ್ಲೇಡು ಬೆಲ್ಟಿನಲ್ಲಿ ತಿರುಗುದು, 325 ಎಂಎಂ ಬ್ಲೇಡು, 3ಎಸ್ 2200 ಬ್ಯಾಟರಿ. ನಮ್ಮ ಮನೆಯ ಹಿಂದೆ ಮುರಕಲ್ಲಿನ ಪದವು ಉಂಟಲ್ಲ ಅಲ್ಲಿ ಹಾರಿಸುದು, ಜನ ಇಲ್ಲ ಕರೆಂಟ್ ಲೈನ್ ಇಲ್ಲ, ಆದ್ರೆ ಕೆಳಗೆ ಬಿದ್ರೆ ಕಲ್ಲು, ಹುಲ್ಲಿನ ಮೇಲೆ ಬಿದ್ದ ಹಾಗೆ ಅಲ್ಲ.

ಸಮಸ್ಯೆ ಎಂತ ಅಂದ್ರೆ, ಹೋವರ್ ಮಾಡಿದ್ರೆ ಮೂರು ನಾಲ್ಕು ನಿಮಿಷ ಕಲ್ಲಿನ ಹಾಗೆ ನಿಲ್ತದೆ, ಆಮೇಲೆ ಬಾಲ ಸ್ವಲ್ಪ ಸ್ವಲ್ಪ ಕುಣೀಲಿಕ್ಕೆ ಶುರು ಆಗ್ತದೆ, ಇಳಿಸುವಾ ಅಂತ ಗ್ರಹಿಸುವಷ್ಟರಲ್ಲಿ ಗಿರಗಿರ ತಿರುಗಿ ಬಿಡ್ತದೆ, ರಡ್ಡರ್ ಸ್ಟಿಕ್ ಪೂರ್ತಿ ಬಲಕ್ಕೆ ಒತ್ತಿ ಹಿಡಿದ್ರೂ ಕೇಳುದಿಲ್ಲ. ಮೊದಲ ಸಲ ಆದಾಗ ಬಾಲದ ಬ್ಲೇಡಿನ ಕೋನ ಬದಲಾಯಿಸುವ ಸರ್ವೋ ಹೋಗಿದೆ ಅಂತ ಹೊಸ ಡಿಜಿಟಲ್ ಸರ್ವೋ ಹಾಕಿದೆ. ಎರಡನೇ ಸಲ, ಬಾಲ ತಿರುಗದ ಹಾಗೆ ತಾನೇ ತಿದ್ದುವ ಜೈರೋ ಬದಲಾಯಿಸಿದೆ. ಪ್ರತೀ ಸಲ ಬೂಮ್ (ಬಾಲದ ಉದ್ದ ಪೈಪು), ಟೈಲ್ ಬ್ಲೇಡು, ಒಮ್ಮೆ ಟೈಲ್ ಶಾಫ್ಟೂ ಹೋಯ್ತು, ಎಲ್ಲ ಬೆಂಗಳೂರಿಂದ ಕೊರಿಯರಿನಲ್ಲಿ ಬರ್ಬೇಕು. ಹೊಸತು ಹಾಕಿದ ಮೇಲೆ ಎರಡು ಮೂರು ಫ್ಲೈಟ್ ಫಸ್ಟ್ ಕ್ಲಾಸ್, ಮತ್ತೆ ಅದೇ ಕಥೆ. ವಿಚಿತ್ರ ಅಂದ್ರೆ ಬಿದ್ದ ಮೇಲೆ ಮನೆಗೆ ತಂದು ಟೇಬಲಲ್ಲಿ ಇಟ್ಟು ನೋಡಿದ್ರೆ ಸರ್ವೋ ಎರಡೂ ಬದಿಗೆ ಚಂದಕ್ಕೆ ಓಡ್ತದೆ, ಜೈರೋ ಸರಿಯಾದ ದಿಕ್ಕಿಗೇ ತಿದ್ದುತ್ತದೆ.

ಮೇಂಟೆನೆನ್ಸ್ ಮಾಡುದಿಲ್ಲ ಅಂತ ಹೇಳ್ಬೇಡಿ. ಆಟಿ ತಿಂಗಳ ಮಳೆಗೆ ಇಲ್ಲಿ ಗೋಡೆಗೇ ಬೂಸು ಬರ್ತದೆ, ಹಾಗಾಗಿ ವಾರಕ್ಕೊಮ್ಮೆ ತುಕ್ಕಿನ ಸ್ಪ್ರೇ ಎಣ್ಣೆ ಇಡೀ ಹೆಲಿಗೆ ಹೊಡೆದು ಒರೆಸಿ ಇಡ್ತೇನೆ. ಅಮ್ಮ ಬೇರೆ, ಅಡಿಕೆ ಸುಲಿಯಲಿಕ್ಕೆ ಜನ ಸಿಗುದಿಲ್ಲ ಇವನಿಗೆ ಹೆಲಿಕಾಪ್ಟರು ಅಂತ ದಿನಾ ಶುರು ಮಾಡಿದ್ದಾರೆ. ಗೊತ್ತಿದ್ದವರು ದಾರಿ ಹೇಳಿ.

ಹೊಸೂರು ಹೆಲಿ (ಹೊಸೂರು):

ಬ್ರದರ್, ಇನ್ನೊಂದು ಪಾರ್ಟ್ ಆರ್ಡರ್ ಮಾಡೋಕೆ ಮುಂಚೆ ಒಂದೇ ಒಂದು ಪ್ರಶ್ನೆಗೆ ಉತ್ತರ ಹೇಳಿ. ಮೂರು ಸಲಾನೂ ಮೂತಿ ಯಾವ ಕಡೆಗೆ ತಿರುಗ್ತು? ಎಡಕ್ಕಾ ಬಲಕ್ಕಾ? ಮತ್ತೆ ತಿರುಗೋಕೆ ಶುರುವಾದಾಗ ನೀವು ಥ್ರಾಟಲ್ ಹೋಲ್ಡ್, ಅಂದ್ರೆ ಮೋಟರ್ ನಿಲ್ಲಿಸೋ ಸ್ವಿಚ್, ಒತ್ತಿದ್ರಾ ಇಲ್ವಾ?

ಪದವಿನ ಹಕ್ಕಿ:

ಮೂರು ಸಲವೂ ಎಡಕ್ಕೆ. ಹೋಲ್ಡ್ ಮೂರನೇ ಸಲ ಮಾತ್ರ ಒತ್ತಿದ್ದು, ಆಗ ತಿರುಗುದು ಕಡಿಮೆ ಆಯ್ತು, ಆದ್ರೆ ಹತ್ತು ಅಡಿಯಿಂದ ಕಲ್ಲಿಗೆ ಧಡಕ್ ಅಂತ ಕೂತಿತು.

ಅಕ್ಕಲಕೋಟ್ಯಾಂವ (ಅಕ್ಕಲಕೋಟ, ಸೋಲಾಪುರ ಜಿಲ್ಲಾ):

ಸರ್, ನಂದೂ ಹಿಂಗ ಆಗಿತ್ತು. ಇದು ಸ್ಟ್ಯಾಟಿಕ್ ಅದ ನೋಡ್ರಿ. ಬೆಲ್ಟ್ ಅಂದ್ರ ರಬ್ಬರ್, ಅದು ಪುಲ್ಲಿ ಮ್ಯಾಲ ಅಷ್ಟು ಜೋರಲೆ ಓಡಿದ್ರ ಬೂಮಿನಾಗ ಕರೆಂಟ್ ಕೂಡತದ, ಚಟ್ ಅಂತ ಒಮ್ಮೆ ಹಾರಿದ್ರ ಜೈರೋಕ್ಕ ತಲಿ ಕೆಡತದ. ಬ್ಯಾಸಗ್ಯಾಗ ನಮ್ಮ ಕಡೆ ಒಣ ಗಾಳಿ, ಎರಡು ಫ್ಲೈಟಿನಾಗ ಒಂದ ಫ್ಲೈಟ್ ಬಾಲ ಝಟಕಾ ಹೊಡೀತಿತ್ತು. ಬೆಲ್ಟಿಗಿ ಸಿಲಿಕಾನ್ ಸ್ಪ್ರೇ ಹೊಡದೆ, ಬೂಮಿನಿಂದ ಮೋಟರ್ ಮೌಂಟಿಗಿ ಒಂದು ಸಣ್ಣ ವಾಯರ್ ಜೋಡಿಸಿದೆ, ಬಂದ್ ಆತು. ಆಮ್ಯಾಲ ಜೈರೋದ ಗೇನ್, ಅಂದ್ರ ಅದು ಎಷ್ಟು ಜೋರಲೆ ತಿದ್ದತದ ಅನ್ನೂದು, ಸ್ವಲ್ಪ ಇಳಸ್ರಿ, ಕುಣ್ಯೂದು ಗೇನ್ ಜಾಸ್ತಿ ಆದ್ರೂ ಬರತದ.

ಹೊಸೂರು ಹೆಲಿ:

ಸರ್ ನೀವು ಹೇಳಿದ್ದು ಸುಳ್ಳಲ್ಲ, ಸ್ಟ್ಯಾಟಿಕ್ ಇದೆ, ಆದ್ರೆ ಅದು ಸೋಲಾಪುರದ ಮೇ ತಿಂಗಳಿಗೆ ಸರಿ. ಕಾಸರಗೋಡಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಆಟಿಲಿ ಗೋಡೆ ಬೂಸು ಹಿಡಿಯೋ ಗಾಳಿಲಿ ಬೂಮಲ್ಲಿ ಸ್ಟ್ಯಾಟಿಕ್ ಎಲ್ಲಿ ನಿಲ್ಲತ್ತೆ? ಇನ್ನೊಂದು, ಸ್ಟ್ಯಾಟಿಕ್ ಅಥವಾ ಜೈರೋ ಪ್ರಾಬ್ಲಮ್ ಆಗಿದ್ರೆ ಒಂದ್ಸಲ ಎಡಕ್ಕೆ ಒಂದ್ಸಲ ಬಲಕ್ಕೆ ಹೆಂಗ್ ಬೇಕಾದ್ರೂ ಒದಿಯತ್ತೆ. ಇವರದ್ದು ಮೂರಕ್ಕೆ ಮೂರೂ ಎಡ.

ನಮ್ಮ ಹೆಲಿಗಳಲ್ಲಿ ಮೇಲಿಂದ ನೋಡಿದ್ರೆ ಮೇನ್ ರೋಟರ್ ಗಡಿಯಾರದ ಮುಳ್ಳಿನ ಥರ ತಿರುಗತ್ತೆ, ಹಾಗಾಗಿ ಬಾಡಿ ಅದರ ಉಲ್ಟಾ, ಅಂದ್ರೆ ಮೂತಿ ಎಡಕ್ಕೆ ತಿರುಗೋಕೆ ಯಾವಾಗ್ಲೂ ನೋಡ್ತಾ ಇರತ್ತೆ, ಬಾಲ ಅದನ್ನ ತಳ್ಳಿ ಹಿಡಿದಿರತ್ತೆ ಅಷ್ಟೆ. ಬಾಲಕ್ಕೆ ಶಕ್ತಿ ಹೋಗೋದು ನಿಂತ್ರೆ ಎಡಕ್ಕೇ ಹೋಗತ್ತೆ. ಹೋಲ್ಡ್ ಒತ್ತಿದ್ರೆ ಮೋಟರ್ ಬಿಟ್ಟುಬಿಡತ್ತೆ, ಬಾಡಿನ ತಿರುಗಿಸೋ ಬಲ (ಟಾರ್ಕ್) ಇಲ್ಲ, ತಿರುಗೋದು ಇಳಿಯತ್ತೆ, ನಿಮಗೆ ಆಗಿದ್ದೂ ಅದೇ. ಅಂದ್ರೆ ಟೈಲ್ ಡ್ರೈವ್ ಜಾರ್ತಿದೆ. ಸರ್ವೋ ಜೈರೋ ಎರಡೂ ಪಾಪ ಅಮಾಯಕರು.

ಹಾಗಾದ್ರೆ ಮೂರು ನಿಮಿಷ ಯಾಕೆ ಚೆನ್ನಾಗಿರತ್ತೆ ಅಂದ್ರೆ ಮೂತಿನ ಒಂದೇ ಕಡೆ ಹಿಡಿದಿಡೋ ಹೆಡಿಂಗ್ ಹೋಲ್ಡ್ ಜೈರೋ ಮೋಸ ಮಾಡತ್ತೆ. 450ರಲ್ಲಿ ಮೇನ್ ರೋಟರ್ ಒಂದು ಸುತ್ತಿಗೆ ಟೈಲ್ ಹೆಚ್ಚುಕಮ್ಮಿ ನಾಲ್ಕೂಕಾಲು ಸುತ್ತು, ಮೇನ್ 2,800 ಆರ್‌ಪಿಎಂ ಇದ್ರೆ ಬಾಲ 12,000 ಹತ್ರ. ಬೆಲ್ಟ್ ಒಂದೊಂದು ಹಲ್ಲು ಜಿಗಿಯೋಕೆ ಶುರುವಾದಾಗ ಬಾಲದ ತಳ್ಳೋ ಬಲ ಕಮ್ಮಿ ಆಗತ್ತೆ, ಜೈರೋ ಸುಮ್ನೆ ಇರಲ್ಲ, ಬಾಲದ ಬ್ಲೇಡಿಗೆ ಪಿಚ್ (ಕೋನ) ಜಾಸ್ತಿ ಕೊಟ್ಟು ಸರಿ ಮಾಡ್ತಾ ಹೋಗತ್ತೆ, ಪಿಚ್ ಜಾಸ್ತಿ ಆದಷ್ಟೂ ಬೆಲ್ಟ್ ಮೇಲೆ ಲೋಡು, ಲೋಡು ಜಾಸ್ತಿ ಆದಷ್ಟೂ ಇನ್ನೂ ಜಿಗಿಯತ್ತೆ. ಸರ್ವೋ ತುದಿ ಮುಟ್ಟೋವರೆಗೂ ನಿಮಗೆ ಏನೂ ಕಾಣಲ್ಲ, ಮುಟ್ಟಿದ ಮೇಲೆ ಕೈಲಿ ಏನೂ ಇರಲ್ಲ. ಆ ಕುಣಿತ ಇದೆಯಲ್ಲ ಅದೇ ಕೊನೆ ವಾರ್ನಿಂಗು. ಟೇಬಲ್ ಮೇಲೆ ಬೆಲ್ಟಿಗೆ ಲೋಡೇ ಇಲ್ಲ, ಅದಕ್ಕೇ ಎಲ್ಲಾ ಸರಿಯಾಗಿ ಕಾಣತ್ತೆ.

ಈಗ ಮೂರು ಕೆಲಸ ಮಾಡಿ. ಮೇನ್ ಬ್ಲೇಡು ಒಂದು ಕೈಲಿ ಗಟ್ಟಿಯಾಗಿ ಹಿಡ್ಕೊಂಡು ಇನ್ನೊಂದು ಕೈಲಿ ಟೈಲ್ ಹಬ್ (ಬಾಲದ ಬ್ಲೇಡು ಕೂರೋ ನಡುಭಾಗ) ತಿರುಗಿಸಿ, ಟಕ್ ಟಕ್ ಅಂದ್ರೆ ಬೆಲ್ಟ್ ಲೂಸು. ಬೂಮ್ ಬಿಚ್ಚಿದಾಗ ಒಳಗೆ, ಮುಂದಿನ ಪುಲ್ಲಿ ಹತ್ರ ಕಪ್ಪು ರಬ್ಬರ್ ಪುಡಿ ಇದೆಯಾ ನೋಡಿ. ಮುಖ್ಯವಾದದ್ದು ಇದು: ಬೂಮ್ ಫ್ರೇಮಿನ ಕ್ಲ್ಯಾಂಪಿನಿಂದ ಹೊರಗೆ ಬರೋ ಜಾಗದಲ್ಲಿ ಮಾರ್ಕರ್ ಪೆನ್ನಲ್ಲಿ ಒಂದು ಗೆರೆ ಎಳೀರಿ, ಎರಡು ಬ್ಯಾಟರಿ ನೆಲಕ್ಕೆ ಹತ್ರಾನೇ ಹಾರಿಸಿ, ಗೆರೆ ಎಲ್ಲಿದೆ ನೋಡಿ. ಈ ಮಾಡೆಲ್ಗಳಲ್ಲಿ ಬೂಮನ್ನ ಹಿಂದಕ್ಕೆ ಎಳೆದು ಕ್ಲ್ಯಾಂಪ್ ಟೈಟ್ ಮಾಡಿದ್ರೇನೇ ಬೆಲ್ಟ್ ಟೆನ್ಶನ್ನು, ಬೇರೆ ಅಡ್ಜಸ್ಟ್ ಇಲ್ಲ. ನೀವು ಪ್ರತಿ ಸಲ ಹೊಸ ಬೂಮ್ ಹಾಕ್ದಾಗ ಟೆನ್ಶನ್ ಹೊಸದಾಗಿ ಸೆಟ್ ಆಗತ್ತೆ, ಎರಡು ಫ್ಲೈಟ್ ಬರತ್ತೆ, ಆಮೇಲೆ ಬೂಮ್ ಮುಂದಕ್ಕೆ ಜಾರತ್ತೆ. ಮತ್ತೆ ಆ ಸ್ಪ್ರೇ ಎಣ್ಣೆ ವಿಷಯ ಓದಿದಾಗಿಂದ ನನಗೆ ಬೇರೆ ಏನೂ ತೋಚ್ತಾ ಇಲ್ಲ.

ಉಪ್ಪಳದವ (ಉಪ್ಪಳ):

ಮಾರಾಯ್ರೇ ನೀವು ಹೆಲಿಗೆ ಸ್ಪ್ರೇ ಹೊಡೆದದ್ದಲ್ಲ, ಅಡಿಕೆಗೆ ಮದ್ದು ಬಿಟ್ಟ ಹಾಗೆ ಬಿಟ್ಟದ್ದು. ಆ ಎಣ್ಣೆ ಬೂಮಿಗೂ ಕ್ಲ್ಯಾಂಪಿಗೂ ನಡುವೆ ಹೋದ್ರೆ ಎಷ್ಟು ಬೋಲ್ಟ್ ಟೈಟ್ ಮಾಡಿದ್ರೂ ಜಾರ್ತದೆ, ಹೆಚ್ಚು ಬಿಗಿದ್ರೆ ಅಲ್ಯುಮಿನಿಯಂ ಬೂಮ್ ಚಪ್ಪಟೆ ಆಗ್ತದೆ. ಬೆಲ್ಟಿನ ರಬ್ಬರಿಗೂ ಎಣ್ಣೆ ಒಳ್ಳೆದಲ್ಲ, ಉಬ್ಬಿ ಮೆತ್ತಗೆ ಆಗ್ತದೆ. ಬೇರಿಂಗಿಗೆ ಹೊಡೆದ್ರೆ ಒಳಗಿನ ಗ್ರೀಸನ್ನೇ ತೊಳೆದು ಹಾಕ್ತದೆ, ಆಮೇಲೆ ತುಕ್ಕು ಹಿಡಿಯುದು ಇನ್ನೂ ಬೇಗ.

ನನ್ನದು ಕಡಲಿಗೆ ಹತ್ರ, ಉಪ್ಪು ಗಾಳಿ, ಹಾಗಾಗಿ ಬೇರಿಂಗಿನ ಕಷ್ಟ ನನಗೆ ಚೆನ್ನಾಗಿ ಗೊತ್ತುಂಟು. ನಾನು ಮಾಡುದು ಇಷ್ಟೇ, ಹಾರಿಸಿ ಬಂದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಗೆ ಹಾಕಿ ಅದರೊಟ್ಟಿಗೆ ಸಿಲಿಕಾ ಜೆಲ್ ಪ್ಯಾಕೆಟ್ ಇಡುದು, ಟೈಲ್ ಶಾಫ್ಟಿಗೆ ಸೂಜಿಯ ತುದಿಯಲ್ಲಿ ಒಂದು ಬಿಂದು ಎಣ್ಣೆ. ಸ್ಪ್ರೇ ಮನೆಯ ಗೇಟಿಗೆ ಇರ್ಲಿ.

ಬಾಲ ಹೇಗೂ ಬಿಚ್ಚುತ್ತೀರಲ್ಲ, ಬ್ಲೇಡು ಹಿಡಿಯುವ ಗ್ರಿಪ್ಪಿನ ಒಳಗೆ, ಹೊರಗಿನ ಎಳೆತ ತಡೆಯುವ ಥ್ರಸ್ಟ್ ಬೇರಿಂಗ್ ಒಮ್ಮೆ ನೋಡಿ. ಅದರಲ್ಲಿ ಎರಡು ಬಳೆ, ಒಂದರ ತೂತು ಸ್ವಲ್ಪ ದೊಡ್ಡದು, ಕಣ್ಣಿಗೆ ಕಾಣುದಿಲ್ಲ, ಶಾಫ್ಟಿಗೆ ಹಾಕಿದ್ರೆ ಒಂದು ಸಡಿಲ ಒಂದು ಬಿಗಿ. ದೊಡ್ಡ ತೂತಿನದ್ದು ಹಬ್ಬಿನ ಬದಿಗೆ, ಸಣ್ಣ ತೂತಿನದ್ದು ಹೊರಗೆ ಸ್ಕ್ರೂವಿನ ಬದಿಗೆ. ಸೆಕೆಂಡ್ ಹ್ಯಾಂಡ್ ಹೆಲಿಯಲ್ಲಿ ಇದು ಉಲ್ಟಾ ಇರುದು ನಾನೇ ಎರಡು ಸಲ ನೋಡಿದ್ದೇನೆ. ಉಲ್ಟಾ ಇದ್ರೆ ಸುಮ್ಮನೆ ಇರುವಾಗ ಹಗುರ ತಿರುಗ್ತದೆ, ಸ್ಪೀಡ್ ಬಂದಾಗ ಗ್ರಿಪ್ಪು ಹೊರಗೆ ಎಳೆದು ಬಿಗಿ ಹಿಡೀತದೆ. ಮತ್ತೆ ಬೆಲ್ಟ್ ಹಾಕುವಾಗ ಅರ್ಧ ತಿರುಚು ಯಾವ ಬದಿಗೆ ಅಂತ ಗೊಂದಲ ಆದ್ರೆ, ಮೇನ್ ರೋಟರ್ ಕೈಯಲ್ಲಿ ತಿರುಗಿಸಿ, ಟೈಲ್ ಬ್ಲೇಡಿನ ದಪ್ಪ ಅಂಚು ಮುಂದೆ ಹೋಗ್ಬೇಕು.

ಪದವಿನ ಹಕ್ಕಿ:

ಹತ್ತು ದಿನ ಮಳೆ ಬಿಡ್ಲಿಲ್ಲ, ಅದಕ್ಕೆ ತಡ ಆಯ್ತು. ನಿನ್ನೆ ಸಂಜೆ ಒಂದು ಗಂಟೆ ಬಿಸಿಲು ಬಂತು, ಗೆರೆ ಎಳೆದು ಒಂದೇ ಬ್ಯಾಟರಿ ಹಾರಿಸಿದ್ದು, ಮೊಣಕಾಲಿನಿಂದ ಮೇಲೆ ಹೋಗ್ಲಿಲ್ಲ. ಇಳಿಸಿ ನೋಡ್ತೇನೆ, ಗೆರೆ ಕ್ಲ್ಯಾಂಪಿನ ಒಳಗೆ ಹೋಗಿ ಕಾಣುದೇ ಇಲ್ಲ! ಬಿಚ್ಚಿ ಅಳತೆ ಮಾಡಿದ್ರೆ ಎರಡು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಜಾರಿದೆ. ಬೂಮ್ ಸಪೋರ್ಟ್ ರಾಡಿನ ಕ್ಲ್ಯಾಂಪೂ ಜಾರಿತ್ತು, ಅದರಲ್ಲೂ ಎಣ್ಣೆ. ಒಳಗೆ ಕಪ್ಪು ಪುಡಿ, ದೀಪದ ಕಾಡಿಗೆಯ ಹಾಗೆ, ಕೈಗೆಲ್ಲ ಹಿಡೀತು. ಬೆಲ್ಟಿನಲ್ಲಿ ಒಂದು ಬದಿ ಏಳೆಂಟು ಹಲ್ಲು ಬೋಳು.

ನಾನು ಈ ಎರಡು ತಿಂಗಳು ಸರ್ವೋ ಜೈರೋಗೆ ಬೈದದ್ದಕ್ಕೆ ಲೆಕ್ಕ ಇಲ್ಲ, ಅದಕ್ಕಾದ ದುಡ್ಡು ಮನೆಯಲ್ಲಿ ಹೇಳ್ಲಿಕ್ಕೂ ಇಲ್ಲ.

ಉಪ್ಪಳದ ಅಣ್ಣ ಹೇಳಿದ ಥ್ರಸ್ಟ್ ಬೇರಿಂಗ್ ಒಂದು ಗ್ರಿಪ್ಪಿನಲ್ಲಿ ಸರಿ ಇತ್ತು, ಇನ್ನೊಂದರಲ್ಲಿ ಉಲ್ಟಾ, ತುಕ್ಕು ಹಿಡಿದು ಮಣಿಗಳು ಕೆಂಪು. ಈಗ ಹೊಸ ಬೆಲ್ಟ್, ಎರಡೂ ಥ್ರಸ್ಟ್ ಬೇರಿಂಗ್ ಆರ್ಡರ್ ಹಾಕಿದ್ದೇನೆ. ಬೂಮ್, ಕ್ಲ್ಯಾಂಪ್ ಎಲ್ಲ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಮೂರು ಸಲ ಒರೆಸಿದೆ. ಒಂದು ಡೌಟು, ಬೆಲ್ಟ್ ಎಷ್ಟು ಬಿಗಿ ಇರ್ಬೇಕು? ಹೆದರಿ ಗಿಟಾರ್ ತಂತಿ ಮಾಡಿ ಇಡುವಾ ಅಂತ ಕಾಣ್ತದೆ.

ಹೊಸೂರು ಹೆಲಿ:

ಗಿಟಾರ್ ಬೇಡ ಗುರು, ಬೇರಿಂಗ್ ಸಾಯತ್ತೆ, ಬ್ಯಾಟರಿನೂ ಬೇಗ ಖಾಲಿ. ಪೆನ್ಸಿಲ್ ಹಿಂಭಾಗದಲ್ಲಿ ಬೆಲ್ಟನ್ನ ಒಂದು ಬದಿಯಿಂದ ಒತ್ತಿದ್ರೆ ಸ್ವಲ್ಪ ಬಗ್ಗಬೇಕು, ಆ ಕಡೆ ಬೆಲ್ಟಿಗೆ ಮುಟ್ಟಬಾರದು. ಹಬ್ ತಿರುಗಿಸಿ ನೋಡಿದ್ರೆ ಹಲ್ಲು ಜಿಗೀಬಾರದು. ಹೊಸ ಬೆಲ್ಟ್ ಎರಡು ಮೂರು ಫ್ಲೈಟ್ ಆದ್ಮೇಲೆ ಸ್ವಲ್ಪ ಬಿಡತ್ತೆ, ಆಗ ಇನ್ನೊಂದ್ಸಲ ನೋಡಿ. ಕ್ಲ್ಯಾಂಪ್ ಬೋಲ್ಟ್ ಒಂದೊಂದೇ ಪೂರ್ತಿ ಬಿಗೀಬೇಡಿ, ಎಲ್ಲಾನೂ ಸ್ವಲ್ಪ ಸ್ವಲ್ಪ ಸರದಿ ಮೇಲೆ. ಗೆರೆ ಮಾತ್ರ ಅಳಿಸ್ಬೇಡಿ, ಪ್ರತಿ ಫ್ಲೈಟಿಗೆ ಮುಂಚೆ ಒಂದು ಸೆಕೆಂಡ್ ನೋಡಿದ್ರೆ ಸಾಕು.

ಆಮೇಲೆ ಆ ಹೊಸ ಡಿಜಿಟಲ್ ಸರ್ವೋ ಸಿಗ್ನಲ್ 1520 ಮೈಕ್ರೋಸೆಕೆಂಡಿಂದಾ 760ದಾ ನೋಡ್ಕೊಂಡು ಜೈರೋದಲ್ಲಿ ಸೆಟ್ ಮಾಡಿದೀರಾ? ಇಲ್ಲಾಂದ್ರೆ ಮುಂದಿನ ಥ್ರೆಡ್ ಅದರ ಮೇಲೇನೇ.

ಪದವಿನ ಹಕ್ಕಿ:

1520, ನೋಡಿದ್ದೇನೆ. ಅಷ್ಟು ಬುದ್ಧಿ ಉಂಟು.

ಅಕ್ಕಲಕೋಟ್ಯಾಂವ:

ಸರ್, ಇದೆಲ್ಲಾ ಓದಿ ನಾನೂ ನನ್ನ ಹೆಲಿಗಿ ಗೆರಿ ಹೊಡದು ಹಾರಿಸಿದೆ. ಬೆಲ್ಟಿಗಿ ಹೊಡದ ಸಿಲಿಕಾನು ಬೂಮಿಗೂ ಸಿಡದಿತ್ತು ಅನಸ್ತದ. ಅರ್ಧಾ ಮಿಲಿಮೀಟರ್ ಸರದದ. ಈಗ ಆಲ್ಕೋಹಾಲ್ ತರಾಕ ಸೋಲಾಪುರಕ ಹೊಂಟೀನಿ.