ಆ ದಪ್ಪ ಪಿನ್ನನ್ನು ಕೀಳಬೇಡ ಪುಟ್ಟಾ

ಪುಟ್ಟಾ, ಅತ್ತೆ ಮಾತನಾಡುತ್ತಿದ್ದೇನೆ. ಸಂದೇಶ ಉದ್ದವಾಗುತ್ತದೆ, ಊಟ ಮುಗಿಸಿಕೊಂಡು ಒಂದು ಕಡೆ ಕೂತು ಕೇಳು. ನಿನ್ನೆ ರಾತ್ರಿ ನೀನು ಮನೆಯವರ ಗುಂಪಿನಲ್ಲಿ ಬರೆದದ್ದು, ಹಾಕಿದ ನಾಲ್ಕು ಫೋಟೊ, ಅದಕ್ಕೆ ಬಂದ ಉತ್ತರಗಳು ಎಲ್ಲವನ್ನೂ ಈಗಷ್ಟೇ ನೋಡಿದೆ. ಬೆಂಗಳೂರಿನಲ್ಲಿದ್ದ ನಿನ್ನ ಆಂಪ್ಲಿಫೈಯರ್, ಸ್ಪೀಕರ್, ತಗ್ಗಿನ ಸದ್ದಿಗೆಂದೇ ಇರುವ ಸಬ್‌ವೂಫರ್ ಪೆಟ್ಟಿಗೆ ಎಲ್ಲವನ್ನೂ ಸಾಗರದ ಮನೆಗೆ ತಂದು ಅಣ್ಣನಿಗೆ ಜೋಡಿಸಿಕೊಟ್ಟಿದ್ದೀಯ. ಬಹಳ ಒಳ್ಳೆಯ ಕೆಲಸ ಮಾಡಿದೆ. ಈಗ ನಿನ್ನ ದೂರು ಮೂರು. ಹಾಡು ಇರಲಿ ಇಲ್ಲದಿರಲಿ, ಪೆಟ್ಟಿಗೆಯಿಂದ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಸಿನಿಮಾ ಹಾಕಿದರೆ ಅಡುಗೆಮನೆಯ ನಾಗಂದಿಗೆಯ ಮೇಲಿನ ಪಾತ್ರೆ ನಡುಗುತ್ತದೆ, ಆದರೆ ಅಣ್ಣನ ಆರಾಮಕುರ್ಚಿಯಲ್ಲಿ ಕೂತರೆ ಬೇಸ್, ಅಂದರೆ ಆ ತಗ್ಗಿನ ಸದ್ದು, ಕೇಳಿಸುವುದೇ ಇಲ್ಲ, ಅದರಲ್ಲೂ ಹಾಡಿಗೆ. ಮೂರನೆಯದು, ರಾತ್ರಿ ಸದ್ದು ಕಡಿಮೆ ಮಾಡಿದರೆ ಪೆಟ್ಟಿಗೆ ತಾನಾಗಿಯೇ ಮಲಗಿಬಿಡುತ್ತದೆ.

ಉಳಿದದ್ದೆಲ್ಲ ಆಮೇಲೆ. ಮೊದಲು ಆ ಪಿನ್ನಿನ ಮಾತು. ಚಿಕ್ಕಮ್ಮನ ಮಗ ಬರೆದಿದ್ದಾನಲ್ಲ, ಸಬ್‌ವೂಫರ್ ಪ್ಲಗ್ಗಿನ ಮೇಲಿನ ದಪ್ಪ ಪಿನ್ನನ್ನು ತೆಗೆದುಬಿಟ್ಟರೆ ಗುಂಯ್ ಸದ್ದು ನಿಲ್ಲುತ್ತದೆ, ನಾನೇ ಕಣ್ಣಾರೆ ನೋಡಿದ್ದೇನೆ ಎಂದು. ಅವನು ಸುಳ್ಳು ಹೇಳಿಲ್ಲ, ಸದ್ದು ನಿಲ್ಲುವುದು ನಿಜ. ನನಗೆ ಹೆದರಿಕೆಯಾಗುವುದೇ ಅದಕ್ಕೆ. ಸದ್ದು ನಿಂತಿತಲ್ಲ ಎಂದು ಎಲ್ಲರೂ ಮರೆತುಬಿಡುತ್ತಾರೆ, ಅಪಾಯ ಮಾತ್ರ ವರ್ಷಗಟ್ಟಲೆ ಅಲ್ಲಿಯೇ ಕೂತಿರುತ್ತದೆ. ಆ ಪಿನ್ ಉಳಿದೆರಡಕ್ಕಿಂತ ಉದ್ದವಿದೆ, ಗಮನಿಸಿದ್ದೀಯಾ? ಪ್ಲಗ್ ಚುಚ್ಚುವಾಗ ಅರ್ಥಿಂಗ್, ಅಂದರೆ ಕರೆಂಟನ್ನು ನೆಲಕ್ಕಿಳಿಸುವ ದಾರಿ, ಎಲ್ಲಕ್ಕಿಂತ ಮೊದಲು ಸೇರಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು ಎಂದೇ ಹಾಗೆ ಮಾಡಿದ್ದಾರೆ. ಒಳಗೆ ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್, ಅಂದರೆ ಕರೆಂಟನ್ನು ತಡೆಯುವ ಹೊದಿಕೆ, ಹಾಳಾಗಿ ಕರೆಂಟು ಲೋಹದ ತಗಡಿಗೆ ಬಂದರೆ, ಆ ದಾರಿಯಲ್ಲಿ ಹರಿದು ಫ್ಯೂಸ್ ಹೋಗುತ್ತದೆ. ದಾರಿಯನ್ನು ಕಿತ್ತರೆ ತಗಡು ಕಾಯುತ್ತಾ ಕೂರುತ್ತದೆ, ಯಾರಾದರೂ ಮುಟ್ಟಲಿ ಎಂದು.

ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದಾಗ ನನಗೇ ಆಗಿದೆ. ಯಾರೋ ಬಳಸಿ ಬಿಟ್ಟ ಆಂಪ್ಲಿಫೈಯರ್ ಕೊಂಡಿದ್ದೆವು. ಅದರ ದಪ್ಪ ಪಿನ್ನನ್ನು ಹಿಂದಿನವರು ಬುಡಕ್ಕೆ ಕತ್ತರಿಸಿದ್ದರು. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಲು ಹೋದಾಗ ಮೊಣಕೈವರೆಗೆ ಹೊಡೆಯಿತು. ಕಾಲಿನಲ್ಲಿ ಚಪ್ಪಲಿ ಇತ್ತು, ಬದುಕಿದೆ. ಅಣ್ಣ ಮನೆಯೊಳಗೆ ಬರಿಗಾಲಿನಲ್ಲಿ ಓಡಾಡುತ್ತಾನೆ. ಮಳೆಗಾಲದಲ್ಲಿ ಸಾಗರದ ಮನೆಯ ನೆಲ ಹೇಗೆ ಬೆವರುತ್ತದೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಆದ್ದರಿಂದ ಆ ಪಿನ್ನನ್ನು ಯಾರೂ ಮುಟ್ಟಕೂಡದು. ಹಾಗಾದರೆ ಆಂಪ್ಲಿಫೈಯರ್‌ಗೆ ಎರಡೇ ಪಿನ್ ಇದೆಯಲ್ಲ ಎಂದು ಕೇಳುತ್ತೀಯ. ಅದನ್ನು ತಯಾರಿಸಿದವರೇ ಒಳಗೆ ಎರಡು ಪದರದ ಇನ್ಸುಲೇಷನ್ ಕೊಟ್ಟು ಹಾಗೆ ಮಾಡಿದ್ದಾರೆ. ಹಿಂದಿನ ತಗಡಿನ ಮೇಲೆ ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತು ಇರುತ್ತದೆ, ನೋಡು. ಸಬ್‌ವೂಫರನ್ನು ಹಾಗೆ ಮಾಡಿಲ್ಲ, ಅದಕ್ಕೆ ಮೂರು ಪಿನ್ ಬೇಕೇ ಬೇಕು.

ಈಗ ಗುಂಯ್ ಸದ್ದಿಗೆ ಬರುತ್ತೇನೆ. ನೀನು ಹಾಕಿದ ಮೂರನೆಯ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಸಬ್‌ವೂಫರಿನ ಹಿಂಭಾಗದಲ್ಲಿ, ಆಂಪ್ಲಿಫೈಯರಿನಿಂದ ಸದ್ದು ತರುವ ಕೇಬಲ್ಲಿನ ಆ ಕೆಂಪು ಆರ್‌ಸಿಎ ಪಿನ್ ಪೂರ್ತಿ ಒಳಗೆ ಕೂತಿಲ್ಲ. ಬುಡದಲ್ಲಿ ಬೆಳ್ಳಿಯ ಬಣ್ಣದ ಗೆರೆ ಹೊಳೆಯುತ್ತಿದೆ, ಪಿನ್ ಒಂದು ಕಡೆಗೆ ವಾಲಿದೆ. ಆ ಪಿನ್ನಿನಲ್ಲಿ ನಡುವೆ ಒಂದು ಕಡ್ಡಿ, ಸುತ್ತ ಒಂದು ಬಳೆ. ಕಡ್ಡಿಯಲ್ಲಿ ಹಾಡು ಬರುತ್ತದೆ, ಬಳೆಯಲ್ಲಿ ಅದು ಹಿಂದಿರುಗುತ್ತದೆ, ಹೊರಗಿನ ಗಲಾಟೆಯನ್ನು ತಡೆಯುವುದೂ ಆ ಬಳೆಯೇ. ಕಡ್ಡಿ ತಾಗಿ ಬಳೆ ಸರಿಯಾಗಿ ತಾಗದಿದ್ದರೆ ಮನೆಯ ಕರೆಂಟಿನ 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸಲದ ಕಂಪನ, ನೇರವಾಗಿ ಒಳಗೆ ನುಗ್ಗುತ್ತದೆ. ಗುಂಯ್ ಎನ್ನುವುದು ಅದೇ. ಎಲ್ಲವನ್ನೂ ಸ್ವಿಚ್ಚಿನಲ್ಲಿ ಆರಿಸಿ, ಪಿನ್ ತೆಗೆದು, ಬಳೆಯನ್ನು ಇಕ್ಕಳದಲ್ಲಿ ಕೂದಲೆಳೆಯಷ್ಟು ಒತ್ತಿ ಬಿಗಿ ಮಾಡಿ ಮತ್ತೆ ಹಾಕು. ಹಾಕುವಾಗ ಬಿಗಿಯಾಗಿ ಹಿಡಿದುಕೊಂಡು ಒಳಗೆ ಹೋಗಬೇಕು. ಇನ್ನೊಂದು ವಿಷಯ, ಅದನ್ನು ಬಲಗಡೆಯ ತೂತಿಗೆ ಹಾಕಿದ್ದೀಯ. ಪಕ್ಕದಲ್ಲೇ ಎಲ್‌ಎಫ್‌ಇ ಎಂದು ಬರೆದ, ತಗ್ಗಿನ ಸದ್ದಿಗೆಂದೇ ಇರುವ ತೂತು ಇದೆ, ಅದಕ್ಕೆ ಹಾಕು.

ಇಷ್ಟಕ್ಕೇ ನಿಂತರೆ ಸಂತೋಷ. ನಿಲ್ಲದಿದ್ದರೆ ಒಂದೊಂದೇ ಹೆಜ್ಜೆ ಇಟ್ಟು ಹುಡುಕು, ಒಮ್ಮೆಗೆ ಒಂದನ್ನೇ ಬದಲಾಯಿಸು. ಸಬ್‌ವೂಫರಿನಿಂದ ಆ ಕೇಬಲ್ ಪೂರ್ತಿ ತೆಗೆದು ಬರೀ ಕರೆಂಟು ಕೊಡು. ಈಗಲೂ ಗುಂಯ್ ಎಂದರೆ ದೋಷ ಪೆಟ್ಟಿಗೆಯ ಒಳಗೇ ಇದೆ, ಹೆಚ್ಚಾಗಿ ಒಳಗಿನ ದೊಡ್ಡ ಕೆಪಾಸಿಟರ್ ಉಬ್ಬಿರುತ್ತದೆ, ಅದನ್ನು ರಿಪೇರಿಯವರು ನೋಡಲಿ, ನೀನು ಬಿಚ್ಚಬೇಡ. ಕೇಬಲ್ ತೆಗೆದಾಗ ಮೌನವಾದರೆ ಪೆಟ್ಟಿಗೆ ಸರಿಯಿದೆ, ಸದ್ದು ಹೊರಗಿನಿಂದ ಬರುತ್ತಿದೆ. ಆಗ ಕೇಬಲ್ ಮತ್ತೆ ಹಾಕಿ, ಸೆಟ್‌ಟಾಪ್ ಬಾಕ್ಸಿನ ಹಿಂದೆ ತಿರುಪಿ ಹಾಕಿದ ಡಿಶ್‌ನ ವೈರನ್ನು ಬಿಚ್ಚು. ನನ್ನ ಸಂಶಯ ಪೂರ್ತಿ ಅದರ ಮೇಲಿದೆ. ಯಾಕೆಂದರೆ ಹಂಚಿನ ಮಾಡಿನ ಮೇಲೆ ಬೇಡವೆಂದು ನಿಮ್ಮ ಡಿಶ್ಶನ್ನು ಅಂಗಳದ ಮೂಲೆಯಲ್ಲಿ ಕಬ್ಬಿಣದ ಕಂಬ ಹೂತು ನಿಲ್ಲಿಸಿದ್ದಾರೆ. ಕಂಬ ಅಲ್ಲಿ ನೆಲಕ್ಕೆ ತಾಗಿದೆ. ಮನೆಯ ಅರ್ಥಿಂಗ್ ಗುಂಡಿ ಹಿತ್ತಿಲಲ್ಲಿದೆ. ಎರಡೂ ನೆಲವೇ ಆದರೂ ಎರಡರ ನಡುವೆ ಅಷ್ಟಿಷ್ಟು ವೋಲ್ಟೇಜಿನ ವ್ಯತ್ಯಾಸ ಇದ್ದೇ ಇರುತ್ತದೆ. ಡಿಶ್‌ನ ವೈರು, ಸೆಟ್‌ಟಾಪ್ ಬಾಕ್ಸ್, ಟಿವಿ, ಆಂಪ್ಲಿಫೈಯರ್, ಸಬ್‌ವೂಫರ್, ಅಲ್ಲಿಂದ ಹಿತ್ತಿಲಿನ ಗುಂಡಿ, ಹೀಗೆ ಒಂದು ದೊಡ್ಡ ಸುತ್ತು ಆಗುತ್ತದೆ. ಆ ಸುತ್ತಿನಲ್ಲಿ ಹರಿಯುವ ಸಣ್ಣ ಕರೆಂಟನ್ನೇ ಪೆಟ್ಟಿಗೆ ದೊಡ್ಡದು ಮಾಡಿ ಹಾಡುತ್ತದೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಇಲ್ಲದ ಸದ್ದು ಸಾಗರದಲ್ಲಿ ಬಂದದ್ದು ಏಕೆ ಎಂದು ಕೇಳಿದೆಯಲ್ಲ, ಹೆಚ್ಚಿನಂಶ ಇದಕ್ಕೇ.

ಡಿಶ್‌ನ ವೈರು ಬಿಚ್ಚಿದ ಕೂಡಲೇ ಮೌನವಾದರೆ ಕಳ್ಳ ಸಿಕ್ಕಿದ ಹಾಗೆ. ಆಗ ಟಿವಿಯಿಂದ ಆಂಪ್ಲಿಫೈಯರ್‌ಗೆ ಎಚ್‌ಡಿಎಂಐ ಬದಲು ಆಪ್ಟಿಕಲ್ ಕೇಬಲ್ ಹಾಕು. ಅದರಲ್ಲಿ ಹೋಗುವುದು ಬೆಳಕು, ತಾಮ್ರವಿಲ್ಲ, ಸುತ್ತು ಅಲ್ಲಿಯೇ ತುಂಡಾಗುತ್ತದೆ. ಐದು ಸ್ಪೀಕರಿಗೂ ಒಂದು ಸಬ್‌ವೂಫರಿಗೂ ಬೇರೆ ಬೇರೆಯಾಗಿ ಬರುವ ಸಿನಿಮಾದ 5.1 ಡಾಲ್ಬಿ ಸದ್ದು ಅದರಲ್ಲೂ ಬರುತ್ತದೆ, ಅಣ್ಣನಿಗೆ ಏನೂ ಕಡಿಮೆಯಾಗುವುದಿಲ್ಲ. ಎಲ್ಲ ಉಪಕರಣಗಳ ಪ್ಲಗ್ಗನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕು. ಈಗ ಸಬ್‌ವೂಫರ್ ಒಂದು ಗೋಡೆಯಲ್ಲಿ, ಟಿವಿ ಇನ್ನೊಂದು ಗೋಡೆಯಲ್ಲಿ ಇದೆ. ಹಾಗೆಯೇ ಹಿತ್ತಿಲಿನ ಅರ್ಥಿಂಗ್ ಗುಂಡಿಗೆ ನಾಳೆ ಎರಡು ಕೊಡ ನೀರು ಹುಯ್ಯಿ. ಉಪ್ಪು ಇದ್ದಿಲು ಹಾಕಿದ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಕೆಲಸ ಮಾಡುವುದಿಲ್ಲ, ಇದು ಸಬ್‌ವೂಫರಿಗಿಂತ ಪಂಪ್‌ಸೆಟ್ಟಿಗೆ ಮತ್ತು ಮನೆಯವರಿಗೆ ಮುಖ್ಯ.

ಬೇಸ್ ಇಲ್ಲದ ವಿಷಯ. ಸಿನಿಮಾಗೆ ಪಾತ್ರೆ ನಡುಗುವಷ್ಟು ಬರುತ್ತದೆ, ಹಾಡಿಗೆ ಬರುವುದೇ ಇಲ್ಲ ಎಂದು ಬರೆದಿದ್ದೀಯಲ್ಲ, ಆ ಒಂದು ವಾಕ್ಯದಲ್ಲಿ ಅರ್ಧ ಉತ್ತರ ಇದೆ. ಸಿನಿಮಾದ 5.1 ಸದ್ದಿನಲ್ಲಿ ಆ ಪಾಯಿಂಟ್ ಒನ್ ಎನ್ನುವುದು ಸಬ್‌ವೂಫರಿಗೆಂದೇ ಇಟ್ಟ ಪ್ರತ್ಯೇಕ ದಾರಿ. ಹಾಡಿನ ಸ್ಟೀರಿಯೊದಲ್ಲಿ ಅಂಥ ದಾರಿ ಇಲ್ಲ, ಎಡ ಬಲ ಎರಡೇ. ಅದರಲ್ಲಿರುವ ತಗ್ಗಿನ ಸದ್ದನ್ನು ಬೇರ್ಪಡಿಸಿ ಸಬ್‌ವೂಫರಿಗೆ ಕಳಿಸು ಎಂದು ಆಂಪ್ಲಿಫೈಯರ್‌ಗೆ ನಾವೇ ಹೇಳಬೇಕು. ರಿಮೋಟಿನಲ್ಲಿ ಸೆಟಪ್‌ಗೆ ಹೋಗಿ ಸ್ಪೀಕರ್ ಎಂಬಲ್ಲಿ ನೋಡು, ಮುಂದಿನ ಎರಡು ಸ್ಪೀಕರ್ ಲಾರ್ಜ್ ಎಂದು ಇರುತ್ತದೆ. ಅದನ್ನು ಸ್ಮಾಲ್ ಮಾಡು. ಸ್ಪೀಕರ್ ಚಿಕ್ಕದು ಎಂದು ಅದರ ಅರ್ಥವಲ್ಲ, ತಗ್ಗಿನ ಸದ್ದಿನ ಹೊರೆಯನ್ನು ಸಬ್‌ವೂಫರಿಗೆ ವಹಿಸಿದೆ ಎಂದು ಅರ್ಥ. ಯಾವ ಮಟ್ಟಕ್ಕಿಂತ ಕೆಳಗಿನ ಸದ್ದು ಸಬ್‌ವೂಫರಿಗೆ ಹೋಗಬೇಕು ಎನ್ನುವ ಗಡಿಗೆ ಕ್ರಾಸ್‌ಓವರ್ ಎನ್ನುತ್ತಾರೆ, ಅದನ್ನು 80 ಹರ್ಟ್ಜ್‌ಗೆ ಇಡು. ಪೆಟ್ಟಿಗೆಯ ಹಿಂದಿನ ಕ್ರಾಸ್‌ಓವರ್ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿಬಿಡು, ಸೋಸುವ ಕೆಲಸ ಒಂದೇ ಕಡೆ ಆಗಲಿ, ಎರಡು ಕಡೆ ಬೇಡ. ಹಾಡು ಕೇಳುವಾಗ ಪ್ಯೂರ್ ಡೈರೆಕ್ಟ್ ಎಂಬ ಗುಂಡಿ ಒತ್ತಬೇಡ, ಅದನ್ನು ಒತ್ತಿದರೆ ಈ ವ್ಯವಸ್ಥೆಯೆಲ್ಲ ಸಾಮಾನ್ಯವಾಗಿ ರದ್ದಾಗುತ್ತದೆ. ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ವಾರ್ತೆ ಹಾಕು. ಗಂಡಸಿನ ದನಿ ಟಿವಿಯ ಕಡೆಯಿಂದಲೇ ಬರಬೇಕು. ಮೂಲೆಯ ಪೆಟ್ಟಿಗೆಯಿಂದ ಗೊಗ್ಗರು ದನಿ ಬಂದರೆ ಆಂಪ್ಲಿಫೈಯರಿನ ಕ್ರಾಸ್‌ಓವರ್ ಹೆಚ್ಚಾಗಿದೆ ಎಂದು ತಿಳಿ.

ಉಳಿದ ಅರ್ಧ ಉತ್ತರ ಅಣ್ಣನ ಕುರ್ಚಿಯಲ್ಲಿದೆ. ಆ ಜಗಲಿಯ ಕೋಣೆ ಉದ್ದಕ್ಕೆ 14 ಅಡಿ, ನನಗೆ ನೆನಪಿದೆ, ಅಪ್ಪ ಅಳೆಯುವಾಗ ಟೇಪಿನ ತುದಿ ಹಿಡಿದವಳು ನಾನು. 40 ಹರ್ಟ್ಜ್ ಸದ್ದಿನ ಒಂದು ಅಲೆ ಸುಮಾರು 28 ಅಡಿ ಉದ್ದ. ಅದರ ಅರ್ಧ ಸರಿಯಾಗಿ ನಿಮ್ಮ ಕೋಣೆಯಷ್ಟು. ಎರಡು ಗೋಡೆಗಳ ನಡುವೆ ಆ ಅಲೆ ಹೋಗಿ ಬಂದು ಹೋಗಿ ಬಂದು, ಗೋಡೆಯ ಹತ್ತಿರ ಗಟ್ಟಿಯಾಗುತ್ತದೆ, ಕೋಣೆಯ ನಟ್ಟನಡುವೆ ಬರಿದಾಗುತ್ತದೆ. ಅಣ್ಣನ ಕುರ್ಚಿ ಇರುವುದು ಎಲ್ಲಿ? ನಟ್ಟನಡುವೆ, ಫ್ಯಾನಿನ ಕೆಳಗೆ. ಪೆಟ್ಟಿಗೆಯಲ್ಲಿ ಏನೂ ಕೊರತೆಯಿಲ್ಲ ಪುಟ್ಟಾ, ಸದ್ದು ಅವನನ್ನು ಬಿಟ್ಟು ಅಡುಗೆಮನೆಗೆ ಹೋಗುತ್ತಿದೆ. ಅವನ ಕುರ್ಚಿಯನ್ನು ಗೋಡೆಯ ಕಡೆಗೆ ಎರಡು ಅಡಿ ಸರಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ, ಆದರೆ ನಲವತ್ತು ವರ್ಷದಿಂದ ಅಲ್ಲಿ ಕೂತವನನ್ನು ಏಳಿಸುವುದು ಬೇಡ. ಪೆಟ್ಟಿಗೆಗೆ ಜಾಗ ಹುಡುಕು.

ಹುಡುಕುವ ಕ್ರಮ ಹೇಳುತ್ತೇನೆ. ಅಣ್ಣ ಮಧ್ಯಾಹ್ನ ಮಲಗಿದ್ದಾಗ ಬೇಡ, ಸಂಜೆ ಮಾಡು. ಕುರ್ಚಿ ತೆಗೆದು ಅದೇ ಜಾಗದಲ್ಲಿ ಗಟ್ಟಿ ಮಣೆಯೋ ಸ್ಟೂಲೋ ಇಟ್ಟು ಅದರ ಮೇಲೆ ಸಬ್‌ವೂಫರ್ ಕೂರಿಸು, ಬೀಳದಂತೆ ನೋಡಿಕೊ. ಅಣ್ಣ ಇಟ್ಟುಕೊಂಡಿರುವ ಡೊಳ್ಳಿನ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಬರುವಂತೆ ಹಾಕು. ಆಮೇಲೆ ನೀನು ಗೋಡೆಯ ಬುಡದುದ್ದಕ್ಕೂ ಅಂಬೆಗಾಲಿಟ್ಟು ಹೋಗಬೇಕು, ಕಿವಿ ನೆಲದಿಂದ ಒಂದಡಿ ಎತ್ತರದಲ್ಲಿ. ಒಂದು ಕಡೆ ಪೆಟ್ಟು ಪೊಳ್ಳಾಗಿ ಕೇಳುತ್ತದೆ, ಒಂದು ಕಡೆ ಬರೀ ಗುಮ್ಮೆಂದು ಎಳೆಯುತ್ತದೆ. ಕೋಲು ಬಿದ್ದ ಪೆಟ್ಟು, ಅದರ ಹಿಂದೆಯೇ ಡೊಳ್ಳಿನ ಹೊಟ್ಟೆಯ ತುಂಬು ಸದ್ದು, ಎರಡೂ ಬೇರೆ ಬೇರೆಯಾಗಿ ಕೇಳುವ ಒಂದು ಜಾಗ ಸಿಕ್ಕೇ ಸಿಗುತ್ತದೆ. ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ ಪೆಟ್ಟಿಗೆಯನ್ನು ಅಲ್ಲಿಡು, ಕುರ್ಚಿಯನ್ನು ಅದರ ಜಾಗದಲ್ಲಿಡು. ಆಮೇಲೆ ಹಿಂಭಾಗದಲ್ಲಿ ಫೇಸ್ ಎಂದು 0 ಮತ್ತು 180ರ ಸ್ವಿಚ್ ಇದೆ, ಪೆಟ್ಟಿಗೆಯ ಅಲೆಯನ್ನು ಉಳಿದ ಸ್ಪೀಕರಿನ ಅಲೆಗೆ ಹೊಂದಿಸಲು. ಅಣ್ಣನನ್ನು ಕೂರಿಸಿ, ಯಾವುದು ಎಂದು ಹೇಳದೆ ಎರಡನ್ನೂ ಹಾಕಿ ತೋರಿಸು. ಯಾವುದರಲ್ಲಿ ಡೊಳ್ಳು ತುಂಬಿ ಬರುತ್ತದೋ ಅದನ್ನು ಅವನೇ ಹೇಳಲಿ. ಕೆರೆಯ ಆಚೆ ದಂಡೆಯಲ್ಲಿ ಬಡಿದರೂ ಯಾವ ಊರಿನ ತಂಡ ಎಂದು ಹೇಳುವ ಕಿವಿ ಅದು.

ಅತ್ತಿಗೆ, ನಿಮಗೂ ಒಂದು ಮಾತು. ಪೆಟ್ಟಿಗೆಯ ಜಾಗ ಬದಲಾದ ಮೇಲೂ ನಾಗಂದಿಗೆ ನಡುಗಿದರೆ ಪಾತ್ರೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿ. ಯಾವುದನ್ನು ಮುಟ್ಟಿದಾಗ ಸದ್ದು ನಿಲ್ಲುತ್ತದೋ ಅದರ ಕೆಳಗೆ ಒಂದು ತುಂಡು ಬಟ್ಟೆ ಮಡಚಿ ಇಡಿ, ಸಾಕು.

ಮಲಗಿಬಿಡುವ ದೂರು ಸುಲಭದ್ದು. ಪೆಟ್ಟಿಗೆಯ ಸ್ವಿಚ್ ಆಟೋದಲ್ಲಿದೆ. ಕೇಬಲ್ಲಿನಲ್ಲಿ ಬರುವ ಸದ್ದು ಒಂದು ಮಟ್ಟಕ್ಕಿಂತ ಕಡಿಮೆಯಾದರೆ ಯಾರೂ ಕೇಳುತ್ತಿಲ್ಲ ಎಂದುಕೊಂಡು ಅದು ಆರಿಕೊಳ್ಳುತ್ತದೆ. ಫೋಟೊದಲ್ಲಿ ಪೆಟ್ಟಿಗೆಯ ವಾಲ್ಯೂಮ್ ಮುಕ್ಕಾಲು ಭಾಗ ತಿರುಗಿದೆ. ಆಂಪ್ಲಿಫೈಯರ್ ಒಳಗೆ ಸಬ್‌ವೂಫರ್ ಲೆವೆಲ್ ಸೊನ್ನೆಗಿಂತ ಬಹಳ ಕೆಳಗೆ, ಮೈನಸ್ಸಿನಲ್ಲಿ ಇದ್ದೀತು, ನೋಡು. ಪೆಟ್ಟಿಗೆಯದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ ಆಂಪ್ಲಿಫೈಯರ್‌ನದನ್ನು ಸೊನ್ನೆಯ ಹತ್ತಿರಕ್ಕೆ ಏರಿಸು. ಕಿವಿಗೆ ಅಷ್ಟೇ ಕೇಳುತ್ತದೆ, ಕೇಬಲ್ಲಿನಲ್ಲಿ ಬರುವ ಸದ್ದು ಮಾತ್ರ ಬಲವಾಗುತ್ತದೆ, ಪೆಟ್ಟಿಗೆ ಎಚ್ಚರವಿರುತ್ತದೆ. ಗುಂಯ್ ಸದ್ದು ಸ್ವಲ್ಪ ಉಳಿದಿದ್ದರೂ ಇದರಿಂದ ತಗ್ಗುತ್ತದೆ. ಆಗಲೂ ಮಲಗಿದರೆ ಆಟೋ ಬಿಟ್ಟು ಆನ್ ಮಾಡು, ರಾತ್ರಿ ಗೋಡೆಯ ಸ್ವಿಚ್ ಆರಿಸಿದರಾಯಿತು.

ಭಾವ, ಸದ್ದಿಗೆ ಅದುರುವ ಆ ಕೋನ್ ಸುಟ್ಟಿದೆ, ಬೇರೆ ಕೊಳ್ಳಿ ಎಂದು ನೀವು ಬರೆದಿದ್ದೀರಿ. ಸುಟ್ಟಿದ್ದರೆ ಅಡುಗೆಮನೆ ನಡುಗುತ್ತಿರಲಿಲ್ಲ, ಆದ್ದರಿಂದ ದುಡ್ಡು ಖರ್ಚು ಮಾಡುವ ಮಾತು ಈಗ ಬೇಡ. ಸಂಶಯ ಕಳೆಯಲು ಪುಟ್ಟ, ಕರೆಂಟು ಆರಿಸಿ ಮುಂದಿನ ಜಾಲರಿ ತೆಗೆದು, ಕೋನಿನ ಸುತ್ತ ಐದೂ ಬೆರಳನ್ನು ಸಮನಾಗಿ ಇಟ್ಟು ಮೆಲ್ಲಗೆ ಒತ್ತು. ಮೆತ್ತಗೆ ಒಳಗೆ ಹೋಗಿ ಬರಬೇಕು. ಮರಳು ಉಜ್ಜಿದಂತೆ ಕರಕರ ಎಂದರೆ ಒಳಗಿನ ಸುರುಳಿ ತಾಗುತ್ತಿದೆ. ಅಂಚಿನ ಪಟ್ಟಿ ಫೋಮಿನದಾಗಿದ್ದು ಬೆರಳಿಗೆ ಪುಡಿಯಾಗಿ ಅಂಟಿದರೆ ಪಟ್ಟಿ ಹೋಗಿದೆ, ಅದನ್ನು ಮಾತ್ರ ಬದಲಾಯಿಸಬಹುದು. ಬೆಂಗಳೂರಿಗೆ ಹೋದಾಗ ಎಸ್‌ಪಿ ರಸ್ತೆಯಲ್ಲಿ ವಿಚಾರಿಸು.

ಇವತ್ತು ಇಷ್ಟೆಲ್ಲ ಮಾಡಲು ಹೋಗಬೇಡ. ಆ ಕೆಂಪು ಪಿನ್ನಿನ ಬಳೆಯನ್ನು ಬಿಗಿ ಮಾಡಿ, ಎಲ್‌ಎಫ್‌ಇ ತೂತಿಗೆ ಹಾಕಿ, ಗುಂಯ್ ಎನ್ನುತ್ತದೆಯೋ ಇಲ್ಲವೋ ಎಂದು ಒಂದು ಸಾಲು ಬರೆ. ನಿಲ್ಲದಿದ್ದರೆ ಡಿಶ್‌ನ ವೈರು ಬಿಚ್ಚಿ ಕೇಳಿಸಿದ್ದನ್ನು ರೆಕಾರ್ಡ್ ಮಾಡಿ ಇಲ್ಲಿಗೇ ಕಳಿಸು. ಸಾಗರದ ಕಡೆ ಸಂಜೆ ಗುಡುಗು ಶುರುವಾಗಿದೆ ಎಂದು ಅತ್ತಿಗೆ ಬೆಳಿಗ್ಗೆ ಹೇಳುತ್ತಿದ್ದರು. ಮಿಂಚು ಕಂಡರೆ ಕೆಲಸ ಅಲ್ಲಿಗೇ ಬಿಟ್ಟು, ಪ್ಲಗ್ಗನ್ನೂ ಡಿಶ್‌ನ ವೈರನ್ನೂ ಕಿತ್ತಿಡು. ನಾನು ಹತ್ತೂವರೆಯವರೆಗೆ ಎದ್ದಿರುತ್ತೇನೆ.